ಒಂದೇ ಹೆಲ್ಮೆಟ್ಟಿನಲ್ಲಿ ಖಾನಾಪುರಕ್ಕೆ

ಹಿಂದವಾಡಿಯ ನಮ್ಮ ಬಾಡಿಗೆ ಮನೆ ಬಿಟ್ಟಾಗ ಬೆಳಿಗ್ಗೆ ಎಂಟೂಕಾಲು. ಎಂಟಕ್ಕೇ ಹೊರಡಬೇಕಿತ್ತು. ಆ ಕಾಲು ಗಂಟೆಯನ್ನು ನನ್ನ ತಮ್ಮ ಈರಣ್ಣ ಕನ್ನಡಿಯ ಮುಂದೆ ಕಳೆದ. ಎಣ್ಣೆ ಹಚ್ಚಿ ಬಾಚಿದ, ಎಣ್ಣೆ ಹೆಚ್ಚಾಯಿತೆಂದು ಒರೆಸಿ ಬಾಚಿದ, ಬಲಗಡೆಯ ಬೈತಲೆಯನ್ನು ಎಡಕ್ಕೆ ತಂದ, ಮತ್ತೆ ಬಲಕ್ಕೇ ಒಯ್ದ. ಹಣೆಯ ಎರಡೂ ಬದಿಗೆ ಅವನ ಕೂದಲು ಹಿಂದೆ ಸರಿಯಲು ಶುರುವಾಗಿ ಎರಡು ವರ್ಷವಾಗಿತ್ತು. ಇದ್ದಷ್ಟರಲ್ಲೇ ಹಂಚಿ ಹೊಂದಿಸುವ ಕಷ್ಟ ಪಾಪ ಅವನದು. ನಾನು ಬಾಯಿ ಹಾಕಲಿಲ್ಲ. ಹೆಣ್ಣು ನೋಡಲು ಹೊರಟ ಗಂಡು, ಒಂದು ದಿನ ಬಾಚಿಕೊಳ್ಳಲಿ ಎಂದು ಬಿಟ್ಟೆ.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ದೀಪಾವಳಿ ಮುಗಿದು ಎರಡು ವಾರವಾಗಿತ್ತು, ಅಂದು ರವಿವಾರ. ನನಗಾಗ ನಲವತ್ತೆರಡು, ಅವನಿಗೆ ಇಪ್ಪತ್ತೊಂಬತ್ತು. ಅವ್ವ ಹೋದಾಗ ಅವನು ನಾಲ್ಕು ವರ್ಷದ ಕೂಸು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಅಜ್ಜಿಯೊಬ್ಬಳ ಆಸರೆಯಲ್ಲಿ ನಾನೇ ಅವನಿಗೆ ನೀರೆರೆದು, ಉಣಿಸಿ, ಹೇನು ತೆಗೆದು, ಸಾಲಿಗೆ ಕಳಿಸಿ ದೊಡ್ಡವನನ್ನಾಗಿ ಮಾಡಿದೆ. ಆಮೇಲೆ ಸರಕಾರಿ ದವಾಖಾನೆಯಲ್ಲಿ ನರ್ಸಾದೆ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ ನನ್ನದು ಒಂದೇ ಉತ್ತರ, ಪುರುಸೊತ್ತಾಗಲಿಲ್ಲ. ಈರಣ್ಣ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಟರ್ನರ್. ಅವನ ಮೊದಲ ಪ್ರೀತಿ ಆ ಲೇತ್ ಮಷೀನು, ಎರಡನೆಯದು ಮೋಟಾರ್ ಸೈಕಲ್ಲು. ಮೂರನೆಯದನ್ನು ಹುಡುಕಿಕೊಂಡು ನಾವು ಖಾನಾಪುರಕ್ಕೆ ಹೊರಟಿದ್ದೆವು.

ಈ ಸಂಬಂಧ ತಂದವರು ನಮ್ಮ ದವಾಖಾನೆಯ ಕಂಪೌಂಡರು. ಅವರು ಎರಡು ಮಾತು ಹೇಳಿದ್ದರು. ಒಂದು, ಒಳ್ಳೆಯ ಕೆಲಸಕ್ಕೆ ಮೂವರು ಹೋಗಬೇಡಿ, ಇಬ್ಬರೇ ಹೋಗಿ. ಇನ್ನೊಂದು, ರೈಲಿಗೆ ಹೋಗಿ, ಗಾಡಿಯ ಮೇಲೆ ಮಾತ್ರ ಬೇಡ. ಯಾಕೆ ಎಂದು ಕೇಳಿದರೆ ಹುಡುಗಿಯ ತಂದೆಗೆ ಸ್ವಲ್ಪ ಮರೆವು ಐತಿ ಎಂದು ಬೇರೇನೋ ಹೇಳಿ ಮಾತು ಹಾರಿಸಿದರು. ಮೊದಲನೆಯ ಮಾತನ್ನು ನಾವು ಪಾಲಿಸಿದೆವು. ಎರಡನೆಯದನ್ನು ಈರಣ್ಣ ಕಿವಿಗೇ ಹಾಕಿಕೊಳ್ಳಲಿಲ್ಲ. ಸ್ವಂತ ಗಾಡಿ ಇದ್ದವನು ರೈಲಿನಲ್ಲಿ ಹೋಗಿ ಹೆಣ್ಣು ನೋಡುವುದೆಂದರೆ ಏನು, ಗಾಡಿಯನ್ನು ತೋರಿಸುವುದು ಬೇಡವೇ? ನನಗೂ ಕಾರಣ ಗೊತ್ತಿಲ್ಲದ ಮಾತಿಗೆ ಬೆಲೆ ಕೊಡುವ ಅಭ್ಯಾಸವಿಲ್ಲ. ಅದು ನಾವು ಮಾಡಿದ ತಪ್ಪು.

ಈಗ ಹೆಲ್ಮೆಟ್ಟಿನ ಮಾತು. ಆ ಕಾಲಕ್ಕೆ ಗಾಡಿ ಹೊಡೆಯುವವರು ಹೆಲ್ಮೆಟ್ಟು ಹಾಕಬೇಕೆಂಬ ಹುಕುಂ ನಮ್ಮ ಶಹರದಲ್ಲಿ ಒಮ್ಮೆ ಬಿಗಿಯಾಗುತ್ತಿತ್ತು, ಒಮ್ಮೆ ಸಡಿಲಾಗುತ್ತಿತ್ತು. ಬಿಗಿಯಾದ ವಾರ ಎಲ್ಲರ ತಲೆಯ ಮೇಲೆ ಕಾಣುತ್ತಿತ್ತು. ಸಡಿಲಾದ ವಾರ ಅದೇ ಹೆಲ್ಮೆಟ್ಟು ಬದನೆಕಾಯಿ ತುಂಬಿಕೊಂಡು ಹ್ಯಾಂಡಲ್ಲಿನಲ್ಲಿ ತೂಗಾಡುತ್ತಿತ್ತು. ಹಿಂದೆ ಕೂತವರ ತಲೆಯ ಬಗ್ಗೆ ಆ ಹುಕುಮಿನಲ್ಲಿ ಏನಾದರೂ ಇತ್ತೋ ಇಲ್ಲವೋ, ನಾವ್ಯಾರೂ ಕೇಳಿರಲೇ ಇಲ್ಲ. ಈರಣ್ಣನಿಗೆ ಕುಂಬಳದ ಹಣ್ಣಿನ ಬಣ್ಣದ ಹೆಲ್ಮೆಟ್ಟು ಕೊಡಿಸಿದವಳು ನಾನು. ನಾನು ಕೆಲಸ ಮಾಡುತ್ತಿದ್ದ ವಾರ್ಡಿಗೆ ತಲೆ ಒಡೆದುಕೊಂಡವರೇ ಬರುತ್ತಿದ್ದರು. ಕೆಲವರು ನಡೆದು ಮನೆಗೆ ಹೋದರು, ಕೆಲವರು ಹೋಗಲಿಲ್ಲ. ಪ್ರತಿ ಸಲ ಸ್ಟ್ರೆಚರಿನ ಮೇಲಿನ ಮುಖದ ರಕ್ತ ಒರೆಸುವಾಗ ಕೆಳಗೆ ನನ್ನ ಈರ್ಯಾನ ಮುಖ ಇರಬಹುದೆಂದೇ ನೋಡುತ್ತಿದ್ದೆ. ಇದನ್ನು ನಾನು ಅವನಿಗೆ ಎಂದೂ ಹೇಳಿರಲಿಲ್ಲ. ಬೈಯುವುದೊಂದೇ ನನಗೆ ಬರುತ್ತಿದ್ದ ವಿದ್ಯೆ.

ಗೋವಾವೇಸ್ ಸರ್ಕಲ್ಲಿನಲ್ಲಿ ಪೊಲೀಸರು ನಿಂತದ್ದು ಕಂಡೊಡನೆ ಈರಣ್ಣ ಹೆಲ್ಮೆಟ್ಟು ಏರಿಸಿದ. ಅವರ ಕಡೆ ನೋಡಿ ಸಭ್ಯನಾಗಿ ತಲೆಯಾಡಿಸಿದ. ಉದ್ಯಮಬಾಗ ದಾಟಿ ಪೀರನವಾಡಿಯ ಬಯಲು ಬಂದದ್ದೇ ತಡ, ಗಾಡಿ ನಿಲ್ಲಿಸಿ ಅದನ್ನು ತೆಗೆದು ಹ್ಯಾಂಡಲ್ಲಿಗೆ ತೂಗುಹಾಕಿದ. ಜೇಬಿನ ಹಣಿಗೆ ಹೊರಬಂತು. ನಾನು ಬೆನ್ನಿಗೆ ಗುದ್ದಿದೆ. ಅವನು ಏನೋ ಹೇಳಿದ, ಗಾಳಿಯಲ್ಲಿ ಹಾರಿಹೋಯಿತು. ನಾನೂ ಏನೋ ಬೈದೆ, ಅದೂ ಹಾರಿಹೋಯಿತು. ಗಾಡಿಯ ಮೇಲೆ ಜಗಳವಾಡುವುದು ಎಷ್ಟು ನಷ್ಟದ ಬಾಬತ್ತೆಂದು ಅವತ್ತು ತಿಳಿಯಿತು.

ದೇಸೂರಿನ ಹತ್ತಿರ ರಸ್ತೆಬದಿಯ ಹೋಟೆಲ್ಲಿನಲ್ಲಿ ಚಹಾಕ್ಕೆ ನಿಂತೆವು. ಮನೆಯಿಂದ ಅಲ್ಲಿಗೆ ಹನ್ನೆರಡು ಕಿಲೋಮೀಟರ್ ಇರಬಹುದು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಬಿಸಿ ಉಪ್ಪಿಟ್ಟು, ಮೇಲೆ ಒಂದು ಚಿಟಿಕೆ ಶೇವು, ಶುಂಠಿ ಜಜ್ಜಿ ಹಾಕಿದ ಚಹಾ. ಹೊಟ್ಟೆ ತಣ್ಣಗಾದ ಮೇಲೆ ಗಾಳಿಯಲ್ಲಿ ಹಾರಿಹೋದ ಜಗಳವನ್ನು ಹಿಡಿದು ತಂದು ಮುಂದುವರಿಸಿದೆವು. ಈರಣ್ಣ ಬಟ್ಟಲು ಕೆಳಗಿಟ್ಟು ಕೋರ್ಟಿನಲ್ಲಿ ನಿಂತವರಂತೆ ವಾದ ಹೂಡಿದ.

“ತಲಿ ನಂದು ಅಕ್ಕಾ. ಬಿದ್ರ ನನ್ನ ತಲಿ ಒಡೀತೈತಿ, ಸರಕಾರದ್ದಲ್ಲ. ಮಂದಿಗೆ ಹಾಯಿಸಿದ್ರ ಹಿಡೀಲಿ, ಬ್ರೇಕ್ ಇಲ್ಲದ ಗಾಡಿ ಹೊಡದ್ರ ಹಿಡೀಲಿ. ನನ್ನ ತಲಿ ಮ್ಯಾಲೆ ಏನಿರಬೇಕು ಅನ್ನೂದು ನನ್ನ ಖುಷಿ.”

“ಒಡದ ತಲಿ ನಿನ್ನ ಕೈಯಾಗ ಇರೂದಿಲ್ಲೋ ಈರ್ಯಾ. ವಾರ್ಡಿನಾಗ ನನ್ನ ಕೈಯಾಗ ಇರತೈತಿ.”

ಹೋಟೆಲ್ಲಿನವರು ತಮ್ಮನ ಪಕ್ಷ ಹಿಡಿದರು. ಹೆಲ್ಮೆಟ್ಟು ಹಾಕಿದರೆ ಕಿವಿ ಕೇಳುವುದಿಲ್ಲ, ಕುತ್ತಿಗೆ ಹಿಡಿಯುತ್ತದೆ, ಕೂದಲು ಉದುರುತ್ತದೆ ಎಂದು ಒಂದೊಂದೇ ಹೇಳಿದರು. ಕೂದಲಿನ ಮಾತು ಬಂದಾಗ ಈರಣ್ಣ ನನ್ನ ಕಡೆ ನೋಡಿದ ನೋಟ ಇಂದಿಗೂ ನೆನಪಿದೆ. ಕೇಳಿದೆಯಾ, ಲೋಕವೇ ಹೇಳುತ್ತದೆ ಎಂಬ ನೋಟ. ನಾನು ಬಿಡಲಿಲ್ಲ. ಹೊಟ್ಟೆಗೆ ಅನ್ನ ಹಾಕುವುದೂ ನಿನ್ನ ಖುಷಿ ಎಂದು ಬಿಟ್ಟಿದ್ದರೆ ನೀನು ಇಷ್ಟೆತ್ತರ ಬೆಳೆಯುತ್ತಿದ್ದೆಯಾ ಎಂದು ಕೇಳಿದೆ. ಅವನು ಎದ್ದು ಹೋಗಿ ಹೆಲ್ಮೆಟ್ಟು ತಂದು ನನ್ನ ಮಡಿಲಲ್ಲಿಟ್ಟ. ಅಷ್ಟು ಕಾಳಜಿ ಇದ್ದರೆ ನೀನೇ ಹಾಕಿಕೋ ಎಂದ.

ನನಗೆ ನಗು ಬಂತು. ತುರುಬಿಗೆ ಸೇವಂತಿಗೆ ಮುಡಿದು, ಇಳಕಲ್ ಸೀರೆಯುಟ್ಟು, ಮೇಲೆ ಕುಂಬಳದ ಬಣ್ಣದ ಹೆಲ್ಮೆಟ್ಟು ಹಾಕಿಕೊಂಡು ಬೀಗರ ಮನೆಗೆ ಇಳಿಯುವುದೇ? ಖಾನಾಪುರದ ಮಂದಿ ಬಯಲಾಟದವರು ಬಂದರೆಂದು ಹಿಂದೆ ಬೀಳುತ್ತಿದ್ದರು. ನೀನು ಗಾಡಿ ಹೊಡೆಯುವವ, ನೀನು ಹಾಕು ಎಂದೆ. ಹಿಂದೆ ಕೂತವಳು ನೀನು, ಹಿಡಿದುಕೊಳ್ಳಲು ನಿನಗೇನೂ ಇಲ್ಲ, ನೀನು ಹಾಕು ಎಂದ. ಹೀಗೆ ಹತ್ತು ನಿಮಿಷ ಅದು ಅವನ ಕೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಅವನ ಕೈಗೆ ಓಡಾಡಿತು. ಇಬ್ಬರಲ್ಲಿ ಯಾರೂ ಸೋಲಲಿಲ್ಲ. ಕೊನೆಗೆ ಹೆಲ್ಮೆಟ್ಟು ಮತ್ತೆ ಹ್ಯಾಂಡಲ್ಲಿಗೇ ಹೋಯಿತು, ನಾವಿಬ್ಬರೂ ಬರಿತಲೆಯಲ್ಲೇ ಹೊರಟೆವು.

ದೇಸೂರಿನಿಂದ ಮುಂದೆ ನೆಲದ ಬಣ್ಣವೇ ಬದಲಾಗುತ್ತದೆ. ಕಪ್ಪು ಎರೆ ಮಣ್ಣು ಹಿಂದೆ ಉಳಿದು ಕೆಂಪು ಮಣ್ಣು ಶುರುವಾಗುತ್ತದೆ, ಗಾಳಿಗೆ ಕಾಡಿನ ತಂಪು ಸೇರುತ್ತದೆ. ಗಣೇಬೈಲಿನ ಆಚೀಚೆ ಭತ್ತದ ಕೊಯ್ಲು ನಡೆದಿತ್ತು. ರಸ್ತೆಯ ಅಂಚಿನಲ್ಲೇ ಭತ್ತ ಹರವಿದ್ದರಿಂದ ಗಾಡಿ ನಡುರಸ್ತೆಗೆ ಬರಬೇಕಾಗುತ್ತಿತ್ತು, ಎದುರಿಗೆ ಲಾರಿ ಬಂದಾಗ ನಾನು ಕಣ್ಣು ಮುಚ್ಚುತ್ತಿದ್ದೆ. ಕಣ್ಣು ಮುಚ್ಚಿದಾಗೆಲ್ಲ ವಾರ್ಡು ಕಾಣುತ್ತಿತ್ತು. ಆದರೂ ನಿಜ ಹೇಳಬೇಕು, ಲಾರಿ ದಾಟಿದ ಮೇಲೆ ಹಣೆಗೆ ಬಡಿಯುತ್ತಿದ್ದ ಆ ಗಾಳಿ ಬಹಳ ಸೊಗಸಾಗಿತ್ತು. ಅವನು ಯಾಕೆ ಅದನ್ನು ಬಿಡಲೊಲ್ಲನೆಂದು ನನಗೆ ಸ್ವಲ್ಪ ಅರ್ಥವಾಯಿತು. ಅದನ್ನು ಅವನ ಮುಂದೆ ಒಪ್ಪಿಕೊಳ್ಳುವಷ್ಟು ದಡ್ಡಿ ನಾನಲ್ಲ.

ಖಾನಾಪುರ ತಲುಪಿದಾಗ ಹತ್ತಕ್ಕೆ ಹತ್ತು ನಿಮಿಷ. ಬಜಾರಿನಲ್ಲಿ ದಾರಿ ಕೇಳಿದೆವು. ಒಬ್ಬರು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದರು. ಹಂಚಿನ ಕಾರ್ಖಾನೆಯ ಕಡೆ ಹೋಗುವ ಓಣಿಯಲ್ಲಿ, ಮುಂದೆ ದಾಸವಾಳದ ಗಿಡವಿದ್ದ ಮನೆ. ಈರಣ್ಣ ಮನೆಯ ಮುಂದೆ ಬೇಕೆಂದೇ ಎಂಜಿನ್ನನ್ನು ಎರಡು ಸಲ ಜೋರಾಗಿ ಗುರುಗುಟ್ಟಿಸಿ ಬಂದ್ ಮಾಡಿದ.

ಬಾಗಿಲು ಧಡಾರನೆ ತೆರೆಯಿತು. ಅರವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಮನುಷ್ಯರೊಬ್ಬರು ಬರಿಗಾಲಿನಲ್ಲಿ ಓಡಿಬಂದರು. ನಮ್ಮನ್ನು ನೋಡಲೇ ಇಲ್ಲ. ಗಾಡಿಯ ಪೆಟ್ರೋಲ್ ಟ್ಯಾಂಕಿನ ಮೇಲೆ ಎರಡೂ ಕೈಯಿಟ್ಟು, ಬಂತಲ್ಲ, ನನ್ನ ಗಾಡಿ ರಿಪೇರಿ ಆಗಿ ಬಂತಲ್ಲ ಎಂದು ನಕ್ಕರು. ಕಣ್ಣಲ್ಲಿ ನೀರಿತ್ತು. ಅವರ ಹಿಂದೆ ಬಾಗಿಲಲ್ಲಿ ನಿಂತ ಹೆಂಗಸಿನ ಮುಖದಿಂದ ಬಣ್ಣ ಇಳಿದುಹೋಗಿತ್ತು. ಅವರು ಹುಡುಗಿಯ ತಾಯಿ ಗೌರವ್ವ, ಓಡಿಬಂದವರು ತಂದೆ ರುದ್ರಪ್ಪನವರು. ಕಂಪೌಂಡರು ರೈಲಿಗೆ ಹೋಗಿ ಎಂದದ್ದು ಯಾಕೆಂದು ನನಗೆ ಅಷ್ಟರಲ್ಲಿ ತಿಳಿದುಹೋಯಿತು. ರುದ್ರಪ್ಪನವರ ಎಡ ಕಿವಿಯ ಮೇಲಿನಿಂದ ನೆತ್ತಿಯ ತನಕ ಕೂದಲು ಬೆಳೆಯದ ಒಂದು ಗೆರೆ ಇತ್ತು. ಅಂಥ ಗೆರೆಗಳಿಗೆ ನಾನೆಷ್ಟು ಸಲ ಪಟ್ಟಿ ಕಟ್ಟಿದ್ದೇನೋ.

ಹೇಗೋ ಒಳಗೆ ಕರೆದೊಯ್ದು ಕೂರಿಸಿದರು. ಗೌರವ್ವ ನನ್ನ ಬಾಜು ಕೂತು ಮೆಲ್ಲಗೆ ಹೇಳಿದರು. ರುದ್ರಪ್ಪನವರು ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು. ಎರಡು ವರ್ಷದ ಹಿಂದೆ ನಂದಗಡದ ಸಂತೆಯಿಂದ ಬರುವಾಗ ಎಮ್ಮೆ ಅಡ್ಡ ಬಂದು ಬಿದ್ದರು. ಕೈಕಾಲಿಗೆ ಒಂದು ತರಚು ಗಾಯವಿಲ್ಲ, ತಲೆಗೆ ಮಾತ್ರ ಪೆಟ್ಟು. ಹನ್ನೊಂದು ದಿನ ಎಚ್ಚರವಿರಲಿಲ್ಲ. ಎದ್ದ ಮೇಲೆ ಹಳೆಯದೆಲ್ಲ ನೆನಪಿದೆ, ಬಿದ್ದದ್ದು ನೆನಪಿಲ್ಲ. ಬಿದ್ದಂದಿನಿಂದ ಈಚಿನದು ಯಾವುದೂ ಹತ್ತು ನಿಮಿಷದ ಮೇಲೆ ನಿಲ್ಲುವುದಿಲ್ಲ. ಗಾಡಿ ಮಾರಿಬಿಟ್ಟರು. ಅವರು ದಿನಾ ಬೆಳಿಗ್ಗೆ ಗಾಡಿ ಎಲ್ಲಿ ಎಂದು ಕೇಳುತ್ತಾರೆ, ಮನೆಯವರು ದಿನಾ ಬೆಳಗಾವಿಗೆ ರಿಪೇರಿಗೆ ಹೋಗಿದೆ ಎನ್ನುತ್ತಾರೆ. ಇವತ್ತು ನಾವೇ ಅದನ್ನು ತಂದು ಬಾಗಿಲಲ್ಲಿ ನಿಲ್ಲಿಸಿದ್ದೆವು.

ಹುಡುಗಿ ತಾಟಿನಲ್ಲಿ ಒಗ್ಗರಣೆ ಅವಲಕ್ಕಿ ತಂದಳು. ಹೆಸರು ಶಾಂತಾ. ಕನ್ನಡ ಸಾಲಿಯಲ್ಲಿ ಮಾಸ್ತರಿಣಿ, ಇಪ್ಪತ್ತನಾಲ್ಕು ವರ್ಷ. ಮುಖದಲ್ಲಿ ಸಂಕೋಚಕ್ಕಿಂತ ದಣಿವು ಹೆಚ್ಚು. ಆದರೆ ಅಪ್ಪನ ಅಂಗಿಯ ಗುಂಡಿ ತಪ್ಪಿದ್ದನ್ನು ಹಾದುಹೋಗುವಾಗಲೇ ಬಾಗಿ ಸರಿಪಡಿಸಿದ ಬಗೆ ನನಗೆ ಹಿಡಿಸಿತು. ಈರಣ್ಣ ಅವಲಕ್ಕಿಯನ್ನೇ ನೋಡುತ್ತಿದ್ದ. ಹೆಣ್ಣು ನೋಡಲು ಬಂದವ ಅವನು.

ರುದ್ರಪ್ಪನವರು ಅವನನ್ನು ಮಾತಿಗೆಳೆದರು. ಯಾವ ಊರು, ಎಲ್ಲಿ ಕೆಲಸ ಎಂದು ವಿಚಾರಿಸಿದರು. ಅವನು ಹೇಳಿದ. ಸ್ವಲ್ಪ ಹೊತ್ತಿಗೆ ಮತ್ತೆ ಯಾವ ಊರು ಎಂದರು. ಅವನು ಮತ್ತೆ ಹೇಳಿದ, ಮೊದಲ ಸಲ ಹೇಳುವವನಂತೆ. ಅಷ್ಟರಲ್ಲಿ ಅವರ ಕಣ್ಣು ಕಟ್ಟೆಯ ಮೇಲಿಟ್ಟಿದ್ದ ಹೆಲ್ಮೆಟ್ಟಿನ ಮೇಲೆ ಬಿತ್ತು. ಮುಖ ಕೆಂಪಾಯಿತು. ಇದನ್ನು ಹಾಕೆಂದು ಹೇಳಲು ಇವರು ಯಾರು, ನಾನು ಮೂವತ್ತು ವರ್ಷದಿಂದ ಗಾಡಿ ಹೊಡೆಯುತ್ತಿದ್ದೇನೆ, ಒಮ್ಮೆಯೂ ಬಿದ್ದವನಲ್ಲ ಎಂದು ಶುರುಮಾಡಿದರು.

“ತಲಿ ನಂದು. ಬಿದ್ರ ಒಡೆಯೂದು ನಂದು. ಸರಕಾರ ನನ್ನ ತಲಿಗೆ ಭಾಡಿಗಿ ಕೊಡತೈತೇನು?”

ಒಮ್ಮೆಯೂ ಬಿದ್ದವನಲ್ಲ. ಮನೆಯಲ್ಲಿ ಯಾರೂ ಎದುರಾಡಲಿಲ್ಲ. ಗೌರವ್ವ ಸೆರಗಿನ ತುದಿ ಹಿಂಡುತ್ತ ಕೂತರು, ಶಾಂತಾ ನೀರಿನ ತಂಬಿಗೆಯನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. ಎರಡು ವರ್ಷದಿಂದ ಈ ಭಾಷಣ ಕೇಳಿ ಕೇಳಿ ಅವರಿಗೆ ಬಾಯಿಪಾಠವಾಗಿತ್ತೆಂದು ಕಾಣುತ್ತದೆ. ನಾನು ತಮ್ಮನ ಕಡೆ ನೋಡಿದೆ. ಒಂದೂವರೆ ಗಂಟೆಯ ಹಿಂದೆ ದೇಸೂರಿನಲ್ಲಿ ತಾನಾಡಿದ ಮಾತು ಆ ಗೆರೆಯಿದ್ದ ತಲೆಯಿಂದ ಬರುವುದನ್ನು ಅವನು ಕೇಳುತ್ತಿದ್ದ. ಕೈಯಲ್ಲಿದ್ದ ಅವಲಕ್ಕಿಯ ತಾಟನ್ನು ಕೆಳಗಿಟ್ಟ. ಗೆದ್ದೆನೆಂದು ನನಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಅಳು ಬಂತು.

ಆಮೇಲೆ ರುದ್ರಪ್ಪನವರು ಎದ್ದು ಹೊರಗೆ ನಡೆದರು. ಗಾಡಿ ಹತ್ತಿ ಕೂತು ಕೀಲಿ ಎಲ್ಲಿ ಎಂದರು. ಗೌರವ್ವ ಓಡಿಹೋಗಿ ಕೈ ಹಿಡಿದರು, ಇಳಿಯಿರಿ ಎಂದು ಬೇಡಿಕೊಂಡರು. ಅವರು ಕೈ ಕೊಡವಿದರು. ಮನೆಯಲ್ಲಿ ಎಲ್ಲವನ್ನೂ ಮುಚ್ಚಿಡುತ್ತೀರಿ, ಬಾವಿಗೆ ಹೋಗಬೇಡ, ಒಲೆ ಮುಟ್ಟಬೇಡ, ಹೊಳೆಯ ಕಡೆ ಹೋಗಬೇಡ, ನಾನೇನು ಕೂಸೇ ಎಂದು ದನಿ ಏರಿಸಿದರು. ಓಣಿಯ ಮಂದಿ ಬಾಗಿಲಿಗೆ ಬಂದರು. ನಾನು ಅಭ್ಯಾಸದಂತೆ ಮುಂದೆ ಹೋದೆ. ವಾರ್ಡಿನಲ್ಲಾಗಿದ್ದರೆ ಇಬ್ಬರು ಹಿಡಿದು ಮಲಗಿಸುತ್ತಿದ್ದೆವು. ಈರಣ್ಣ ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದ.

ಅವನು ರುದ್ರಪ್ಪನವರ ಎದುರು ಹೋಗಿ, ಇವತ್ತು ಗಾಡಿ ನಾನು ಹೊಡೆಯುತ್ತೇನೆ, ರಿಪೇರಿ ಸರಿಯಾಗಿದೆಯೋ ಇಲ್ಲವೋ ನೀವು ಹಿಂದೆ ಕೂತು ನೋಡಿ, ಹೊಳೆಯ ಸೇತುವೆ ತನಕ ಒಂದು ಸುತ್ತು ಹೋಗಿಬರೋಣ ಎಂದ. ಅವರು ಯೋಚಿಸಿ ಹಿಂದಕ್ಕೆ ಸರಿದು ಕೂತರು. ಗೌರವ್ವ ಮಗಳ ಮುಖ ನೋಡಿದರು. ಶಾಂತಾ ಒಂದು ಗಳಿಗೆ ಅಪ್ಪನನ್ನು, ಒಂದು ಗಳಿಗೆ ಈರಣ್ಣನನ್ನು ನೋಡಿ, ಹೋಗಿಬರಲಿ ಎಂದಳು. ಈರಣ್ಣ ಕಟ್ಟೆಯಿಂದ ಹೆಲ್ಮೆಟ್ಟು ತಂದು ಅವರ ತಲೆಗೆ ಹಿಡಿದ. ಅವರು ತಳ್ಳಿಬಿಟ್ಟರು. ಮತ್ತೆ ಅದೇ ಮಾತು, ತಲೆ ನನ್ನದು, ಸರಕಾರ ಯಾರು ಕೇಳಲು.

“ಖರೇ ಐತ್ರಿ, ತಲಿ ನಿಮ್ದ,” ಎಂದ ನನ್ನ ತಮ್ಮ. “ಸರಕಾರ ಕೇಳಾಕತ್ತಿಲ್ರಿ. ನಾ ಕೇಳಾಕತ್ತೀನಿ. ನಂಗ ಅಂಜಿಕಿ ಆಗತೈತ್ರಿ.”

ಅವರು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಬಾಗಿಸಿದರು. ಈರಣ್ಣ ಹೆಲ್ಮೆಟ್ಟು ಇಟ್ಟು, ಗದ್ದದ ಕೆಳಗಿನ ಪಟ್ಟಿ ಬಿಗಿದು, ಚರ್ಮ ಸಿಕ್ಕಿತೇನೋ ಎಂದು ಬೆರಳು ಹಾಕಿ ನೋಡಿದ. ನಾನು ಇಪ್ಪತ್ತೈದು ವರ್ಷ ಬೈದೂ ಸಾಧಿಸಲಾಗದ್ದನ್ನು ಅವನು ಅಂಜಿಕೆ ಒಪ್ಪಿಕೊಂಡು ಸಾಧಿಸಿಬಿಟ್ಟ. ನನ್ನ ಅಂಜಿಕೆಯನ್ನು ನಾನು ಒಂದು ದಿನವಾದರೂ ಅವನಿಗೆ ಹೀಗೆ ಹೇಳಿದ್ದೆನೇ? ಇಲ್ಲ. ಗಾಡಿ ಹೊರಟಿತು. ಹಿಂದೆ ಕೂತ ತಲೆಗೆ ಹೆಲ್ಮೆಟ್ಟಿತ್ತು, ಹೊಡೆಯುವವನ ತಲೆ ಬರಿದಾಗಿತ್ತು.

ಹೊಳೆಗೆ ಹೋಗಿಬರಲು ಹತ್ತು ನಿಮಿಷ ಸಾಕು. ಹತ್ತಾಯಿತು, ಹದಿನೈದಾಯಿತು. ಗೌರವ್ವ ಒಳಗೆ ಹೋಗಿ ಎದೆಯ ಮೇಲಿನ ಲಿಂಗ ಹಿಡಿದು ಕೂತರು. ನಾನು ದಾಸವಾಳದ ಗಿಡದ ಹತ್ತಿರ ನಿಂತು ಓಣಿಯ ತುದಿ ನೋಡುತ್ತಿದ್ದೆ. ಎಮ್ಮೆ ಅಡ್ಡ ಬಂದರೆ? ಹಿಂದೆ ಕೂತವರು ನಡುವೆ ಮರೆತು ಇಳಿಯಲು ಹೋದರೆ? ಶಾಂತಾ ಬಂದು ನನ್ನ ಬಾಜು ನಿಂತಳು. ಹೆಣ್ಣು ನೋಡಲು ಬಂದವರ ಹತ್ತಿರ ಹುಡುಗಿ ತಾನಾಗಿ ಬಂದು ಮಾತಾಡುವುದು ಆಗ ನಮ್ಮಲ್ಲಿ ರೂಢಿಯಿರಲಿಲ್ಲ. ಅವಳು ಅದನ್ನೆಲ್ಲ ನೋಡಲಿಲ್ಲ.

“ಬರೂವಾಗ ಹೆಲ್ಮೆಟ್ ಯಾರು ಹಾಕ್ಕೊಂಡಿದ್ರಿ?” ಎಂದು ಕೇಳಿದಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ದೇಸೂರಿನ ಕತೆಯನ್ನೆಲ್ಲ ಹೇಳಿದೆ. ನೀನು ಹಾಕು, ನೀನು ಹಾಕು ಎಂದು ಇಬ್ಬರೂ ಹಟ ಹಿಡಿದು ಕೊನೆಗೆ ಹ್ಯಾಂಡಲ್ಲಿಗೆ ತೂಗುಹಾಕಿದ್ದನ್ನೂ ಹೇಳಿದೆ. ಅಂದರೆ ಅದು ಖಾಲಿಯೇ ಬಂತು ಎಂದಳು ಶಾಂತಾ. ತುಟಿ ಕಚ್ಚಿ ನಗು ತಡೆದಳು, ಆಮೇಲೆ ತಡೆಯಲಿಲ್ಲ. ಆ ಹೊತ್ತಿನಲ್ಲಿ, ಅಷ್ಟು ಅಂಜಿಕೆಯ ನಡುವೆ, ನಾನೂ ನಕ್ಕೆ. ಬೆಳಗ್ಗಿನಿಂದ ಅವಳ ಮುಖದಲ್ಲಿದ್ದ ದಣಿವು ಆ ನಗುವಿನಲ್ಲಿ ಸ್ವಲ್ಪ ಹೊತ್ತು ಕಾಣದಾಯಿತು.

ಇಪ್ಪತ್ತೈದು ನಿಮಿಷಕ್ಕೆ ಗಾಡಿಯ ಸದ್ದು ಕೇಳಿಸಿತು. ಎತ್ತಿನ ಬಂಡಿಯೂ ನಾಚುವಷ್ಟು ನಿಧಾನವಾಗಿ ಬಂದರು. ರುದ್ರಪ್ಪನವರು ಎರಡೂ ಕೈಯಿಂದ ಈರಣ್ಣನ ಸೊಂಟ ಹಿಡಿದಿದ್ದರು. ಹೆಲ್ಮೆಟ್ಟಿನೊಳಗೆ ಮುಖವೆಲ್ಲ ನಗು. ಸೇತುವೆಯ ಮೇಲೆ ನಿಲ್ಲಿಸಿ ಇಬ್ಬರೂ ಮಲಪ್ರಭೆಯ ನೀರು ನೋಡಿದರಂತೆ, ಯಾವ ಮಡುವಿನಲ್ಲಿ ಯಾವ ಮೀನು ಸಿಗುತ್ತದೆಂದು ಅವರು ತೋರಿಸಿದರಂತೆ. ಈರಣ್ಣನ ತಲೆಯ ಗತಿ ಮಾತ್ರ ನೋಡುವಂತಿರಲಿಲ್ಲ. ಗಾಳಿಗೆ ಕೂದಲೆಲ್ಲ ಎದ್ದುನಿಂತು, ಬೆಳಿಗ್ಗೆ ಕಾಲು ಗಂಟೆ ಕಷ್ಟಪಟ್ಟು ಮುಚ್ಚಿದ್ದೆಲ್ಲ ಬಯಲಾಗಿತ್ತು. ಶಾಂತಾ ಅದನ್ನು ಸಾವಕಾಶವಾಗಿ ನೋಡಿದಳು. ಅವನಿಗೆ ಹಣಿಗೆಯ ನೆನಪೂ ಆಗಲಿಲ್ಲ.

ಹತ್ತು ನಿಮಿಷಕ್ಕೆ ರುದ್ರಪ್ಪನವರು ಸೇತುವೆಯನ್ನು ಮರೆತರು. ಆದರೆ ಆ ಖುಷಿ ಎಲ್ಲಿಂದ ಬಂತೆಂದು ಗೊತ್ತಿಲ್ಲದೆಯೂ ಮುಖದಲ್ಲಿ ಹಾಗೇ ಉಳಿಯಿತು. ಹೆಲ್ಮೆಟ್ಟು ತೆಗೆಯಲು ಒಪ್ಪಲಿಲ್ಲ. ಹಾಕಿಕೊಂಡೇ ಊಟಕ್ಕೆ ಕೂತರು. ಕಡಕ್ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು, ಬೆಲ್ಲದ ಪಾಯಸ. ಗೌರವ್ವ ಬಡಿಸುತ್ತ ಬಡಿಸುತ್ತ ಗಂಡನ ಕಡೆ ನೋಡಿ ಕಣ್ಣೊರೆಸಿಕೊಂಡರು. ಎರಡು ವರ್ಷದಲ್ಲಿ ಇವರು ಇನ್ನೊಂದು ಸೌಟು ಪಾಯಸ ಕೇಳಿ ಹಾಕಿಸಿಕೊಂಡದ್ದು ಇವತ್ತೇ ಎಂದರು. ಕಾಯಿದೆ ಬೇಕು, ನಾನು ಇವತ್ತಿಗೂ ಅದನ್ನೇ ಹೇಳುತ್ತೇನೆ. ಆದರೆ ಒಬ್ಬ ಮನುಷ್ಯನನ್ನು ಉಳಿಸಿಕೊಂಡು, ಆಮೇಲೆ ಹೊಳೆಯನ್ನೂ ಅವನಿಗೆ ತೋರಿಸದಿದ್ದರೆ ಉಳಿಸಿದ್ದು ಯಾತಕ್ಕೆ ಎಂದು ಅವತ್ತು ಮೊದಲ ಸಲ ಯೋಚಿಸಿದೆ.

ಹೊರಡುವಾಗ ಗೌರವ್ವ ರೂಢಿಯಂತೆ ಕಂಪೌಂಡರ ಮೂಲಕ ಹೇಳಿ ಕಳಿಸುತ್ತೇವೆಂದರು. ಶಾಂತಾ ನನಗೆ ಕುಂಕುಮ ಹಚ್ಚಲು ಬಂದವಳು ಮೆಲುದನಿಯಲ್ಲಿ ಹೇಳಿದಳು.

“ನನ್ನ ಕಡಿಂದ ಒಪ್ಪಿಗಿ ಐತ್ರಿ. ಒಂದ ಮಾತು. ಮನ್ಯಾಗ ಹೆಲ್ಮೆಟ್ ಎರಡ ಇರಬೇಕು. ಇಲ್ಲಂದ್ರ ನಾ ನಡಕೊಂತ ಬರ್ತೀನಿ.”

ಖಾನಾಪುರದಿಂದ ಬೆಳಗಾವಿಗೆ ಇಪ್ಪತ್ತಾರು ಕಿಲೋಮೀಟರ್. ನಡೆದು ಬರುವವಳೇ ಸೈ ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಅವಳ ಕೈ ಹಿಡಿದು ಒತ್ತಿದೆ.

ರುದ್ರಪ್ಪನವರು ಊಟವಾದ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದರು. ಈರಣ್ಣ ಮೆಲ್ಲಗೆ ಪಟ್ಟಿ ಬಿಚ್ಚಿ ಹೆಲ್ಮೆಟ್ಟು ತೆಗೆದುಕೊಂಡ. ಅವರಿಗೆ ಎಚ್ಚರವಾಗದಂತೆ ಗಾಡಿಯನ್ನು ಓಣಿಯ ತುದಿಯ ತನಕ ತಳ್ಳಿಕೊಂಡೇ ಬಂದೆವು. ಅಲ್ಲಿ ನಾನು ರೈಲಿಗೆ ಹೋಗುತ್ತೇನೆ ಎಂದೆ. ಅವನು ಬಿಡಲೊಲ್ಲ. ನೀನು ಹೆಲ್ಮೆಟ್ಟು ಹಾಕಿಕೋ, ನಾನು ನಿಧಾನ ಹೊಡೆಯುತ್ತೇನೆ ಎಂದು ಮತ್ತೆ ಅದನ್ನು ನನ್ನ ಕೈಗೆ ತುರುಕಿದ. ಬೆಳಗ್ಗಿನ ಜಗಳ ಮತ್ತೆ ಶುರುವಾಗುವುದರಲ್ಲಿತ್ತು. ನೀನ್ಯಾಕೆ ಹಾಕುವುದಿಲ್ಲ, ಖರೇ ಹೇಳು ಎಂದು ಕೇಳಿದೆ. ಅವನು ನೆಲ ನೋಡುತ್ತ ಹೇಳಿದ.

“ನೀ ಬರಿತಲೀಲೆ ಹಿಂದ ಕುಂತಿರತೀ. ನಾ ಒಬ್ಬಾವ ಹಾಕ್ಕೊಂಡು ಹೆಂಗ ಹೊಡೀಲಿ? ಬಿದ್ರ ನಾ ಉಳದು ಏನ್ಮಾಡ್ಲಿ ಅಕ್ಕಾ?”

ಇಷ್ಟು ದಿನ ಖುಷಿ, ಸರಕಾರ, ಕೂದಲು ಎಂದೆಲ್ಲ ಕೂಗಾಡಿದ್ದರ ಅಡಿಯಲ್ಲಿ ಇದಿತ್ತು. ನಾನು ನಗಬೇಕೆಂದು ಹೋದೆ, ಆಗಲಿಲ್ಲ. ನಡುಬೀದಿಯಲ್ಲಿ ನಿಂತು ಅತ್ತೆ. ನನಗೂ ಅಂಜಿಕೆಯಾಗುತ್ತದೆ ಈರ್ಯಾ, ವಾರ್ಡಿಗೆ ಬರುವ ಪ್ರತಿ ಮುಖದಲ್ಲೂ ನಿನ್ನನ್ನೇ ಹುಡುಕುತ್ತೇನೆ ಎಂದು ಆವತ್ತು ಹೇಳಿದೆ. ಬೈಗುಳವಿಲ್ಲದೆ ಹೇಳಿದ್ದು ಅದೇ ಮೊದಲು. ಅವನು ನನ್ನನ್ನು ಸ್ಟೇಷನ್ನಿನ ತನಕ ನಡೆಸಿಕೊಂಡು ಬಂದು, ಒಂದೂವರೆ ರೂಪಾಯಿಯ ಟಿಕೀಟು ತೆಗೆಸಿ, ಕಿಟಕಿಯ ಪಕ್ಕ ಕೂರಿಸಿದ.

ಪ್ಯಾಸೆಂಜರ್ ಗಾಡಿ ಹೊರಟಾಗ ಮೂರು ದಾಟಿತ್ತು. ಡಬ್ಬಿಯಲ್ಲಿ ನಂದಗಡದ ಕಡೆಯ ಹೆಂಗಸರು, ಅವಲಕ್ಕಿಯ ಚೀಲಗಳು, ಬಿಸಿಲು. ಇದಲಹೊಂಡದಲ್ಲಿ ನಿಂತಿತು, ದೇಸೂರಿನಲ್ಲಿ ನಿಂತಿತು. ರಸ್ತೆ ಹತ್ತಿರ ಬಂದಾಗೆಲ್ಲ ನಾನು ಇಣುಕುತ್ತಿದ್ದೆ, ಅವನು ಕಾಣುತ್ತಿರಲಿಲ್ಲ. ಶಾಂತಾಳ ಒಪ್ಪಿಗೆಯ ಮಾತನ್ನು ಅವನಿಗೆ ಹೇಳಿಯೇ ಇರಲಿಲ್ಲವೆಂದು ಆಗ ನೆನಪಾಯಿತು. ಅಳುವುದರಲ್ಲಿ ಮರೆತಿದ್ದೆ. ಎಂಥ ಅಕ್ಕ ನಾನು!

ಬೆಳಗಾವಿ ಹತ್ತಿರವಾದಂತೆ ರೈಲು ವೇಗ ತಗ್ಗಿಸಿತು. ಟಿಳಕವಾಡಿಯ ಮೂರನೆಯ ಗೇಟು ಮುಚ್ಚಿತ್ತು. ಗೇಟಿನ ಆಚೆ ಸೈಕಲ್ಲುಗಳು, ಟಾಂಗಾ, ಕಬ್ಬಿನ ಬಂಡಿ, ನಾಲ್ಕಾರು ಗಾಡಿಗಳು. ಎಲ್ಲರದೂ ಬರಿತಲೆ. ನಡುವೆ ಒಂದೇ ಒಂದು ಕುಂಬಳದ ಬಣ್ಣ. ಅಲ್ಲಿ ಪೊಲೀಸರು ಯಾರೂ ಇರಲಿಲ್ಲ. ಹಾಕಿಕೊಂಡಿದ್ದ, ಪಟ್ಟಿಯನ್ನೂ ಬಿಗಿದಿದ್ದ. ಅವನ ನಾಲ್ಕನೆಯ ವಯಸ್ಸಿನಿಂದ ನಾನು ಎಣ್ಣೆ ಹಚ್ಚಿ, ಬಾಚಿ, ಮುಟ್ಟಿ ನೋಡಿ ಬೆಳೆಸಿದ ಆ ತಲೆ ನನಗೆ ಒಂದಿಷ್ಟೂ ಕಾಣುತ್ತಿರಲಿಲ್ಲ. ಎದೆ ಹಗುರಾಯಿತು.

ನಾನು ಕಿಟಕಿಯಿಂದ ಕೈ ಹೊರಹಾಕಿ ಬೀಸಿದೆ, ಈರ್ಯಾ ಎಂದು ಕೂಗಿದೆ. ನಾನು ಯಾವ ಡಬ್ಬಿಯಲ್ಲಿದ್ದೇನೆಂದು ಅವನಿಗೆ ತಿಳಿಯಲಿಲ್ಲ. ಹಾಗಾಗಿ ಅವನು ಮೊದಲ ಡಬ್ಬಿಯಿಂದಲೇ ಕೈ ಬೀಸಲು ಶುರುಮಾಡಿದ್ದ, ನನ್ನ ಡಬ್ಬಿಗೂ ಬೀಸಿದ, ನನ್ನನ್ನು ಕಾಣದೆ ದಾಟಿಸಿ ಮುಂದಿನದಕ್ಕೂ ಬೀಸಿದ. ನಾನು ತಲೆ ಹೊರಹಾಕಿ ಹಿಂದಕ್ಕೆ ನೋಡಿದೆ. ಗುರುತು ಪರಿಚಯವಿಲ್ಲದ ಮಂದಿ ಕಿಟಕಿ ಕಿಟಕಿಯಿಂದ ಅವನಿಗೆ ಕೈ ಬೀಸುತ್ತಿದ್ದರು. ಕೊನೆಯ ಡಬ್ಬಿ ದಾಟುವ ತನಕ ಅವನು ಕೈ ಇಳಿಸಲಿಲ್ಲ.